ಅವ್ವ ತಿಕ್ಕಿದ ಪಿಸ್ತೂಲು

ನಮ್ಮ ಮನೆಯಲ್ಲಿ ಪಿಸ್ತೂಲಿಗೆ ಒಂದು ಕೋಣೆಯಿತ್ತು, ಅವ್ವನಿಗೆ ಇರಲಿಲ್ಲ. ನಡುಮನೆಯ ಬಲಕ್ಕೆ, ದೇವರ ಜಗಲಿಗೆ ಅಂಟಿಕೊಂಡಿದ್ದ ಆ ಕಿರುಕೋಣೆಯನ್ನು ಖಂಡೇ ಖೋಲಿ, ಅಂದರೆ ಆಯುಧದ ಕೋಣೆ, ಎನ್ನುತ್ತಿದ್ದರು. ಅದರಲ್ಲಿ ಒಂದು ಮಣೆ, ಮಣೆಯ ಮೇಲೆ ಕೆಂಪು ಮಕಮಲ್ಲಿನ ಬಟ್ಟೆ, ಬಟ್ಟೆಯೊಳಗೆ ಮೊಳಕ್ಕಿಂತ ತುಸು ಗಿಡ್ಡನೆಯ ಚಕಮಕಿ ಪಿಸ್ತೂಲು. ಅವ್ವ ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಗಳ ಪಕ್ಕ. ಅವಳ ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ನನಗಿಂತ ಒಂದು ವರ್ಷ ಚಿಕ್ಕವಳಾದ ತಂಗಿ ಸುಮಿತ್ರಾ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ, ಬರಲಿ. ಬಾಲ್ಯದ ಮನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಣ್ಣು ಒದ್ದೆ ಮಾಡಿಕೊಂಡು ಬರೆಯುತ್ತಾರೆ. ನಾನು ಆ ಮನೆಯನ್ನು ನೆನೆದರೆ ಮೊದಲು ಹಲ್ಲು ಕಚ್ಚುತ್ತೇನೆ, ಉಳಿದದ್ದೆಲ್ಲ ಆಮೇಲೆ.

ಬೈಲಹೊಂಗಲದಿಂದ ನೇಸರಗಿ ಕಡೆ ಹೋಗುವ ಬಸ್ಸು ನಮ್ಮೂರಿನಲ್ಲಿ ನಿಂತಾಗ ಕಂಡಕ್ಟರು ಊರ ಹೆಸರು ಕೂಗುತ್ತಿರಲಿಲ್ಲ. “ಪಿಸ್ತೂಲ ಗೌಡ್ರ ಊರ ಇಳೀರಿ” ಎನ್ನುತ್ತಿದ್ದ. ಆ ಗೌಡರೆಂದರೆ ನನ್ನ ಅಜ್ಜ. ಎತ್ತರದ ಆಳು, ಬಿಳಿ ರುಮಾಲು, ಎರಡೂ ಕಡೆ ತಿರುವಿದ ಮೀಸೆ. ಮನೆಗೆ ಯಾರೇ ಬರಲಿ, ಬೀಜದ ವ್ಯಾಪಾರಿ ಬರಲಿ, ಎತ್ತು ನೋಡಲು ಬಂದವನು ಬರಲಿ, ಪಡಸಾಲೆಯಲ್ಲಿ ಕೂತು ಒಂದು ತಂಬಿಗೆ ನೀರು ಕುಡಿಯುವಷ್ಟರಲ್ಲಿ ಅಜ್ಜನ ಕಥೆ ಶುರುವಾಗುತ್ತಿತ್ತು. ಕಿತ್ತೂರಿನ ಕಾಳಗದಲ್ಲಿ ನಮ್ಮ ಮೂಲಪುರುಷನೊಬ್ಬ ಕೋಟೆಯ ಬಾಗಿಲಲ್ಲಿ ನಿಂತಿದ್ದನಂತೆ. ಕುದುರೆ ಮೇಲೆ ಬಂದ ಬಿಳಿಯ ಅಧಿಕಾರಿಯೊಬ್ಬ ಇವನ ಎದೆಗೆ ಗುರಿಯಿಟ್ಟನಂತೆ. ಮದ್ದು ಹತ್ತಿಕೊಳ್ಳುವ ಮೊದಲೇ ನಮ್ಮವನು ಅವನ ಕೈಯಿಂದ ಪಿಸ್ತೂಲು ಕಿತ್ತುಕೊಂಡನಂತೆ. ಆ ಪಿಸ್ತೂಲು ಇದೇ. ಕಥೆ ಹೇಳುವಾಗ ಅಜ್ಜ ಕೈಯಲ್ಲಿದ್ದ ಅಡಕೊತ್ತನ್ನು ಕೇಳುವವನ ಎದೆಗೆ ಹಿಡಿಯುತ್ತಿದ್ದ. ಕಾಕಾ, ಅಂದರೆ ಅಪ್ಪನ ತಮ್ಮ, ಅವನ ಹಿಂದೆ ನಿಂತು ತುಟಿಯಲ್ಲೇ ಇಡೀ ಕಥೆಯನ್ನು ಜೊತೆಜೊತೆಗೆ ಒಪ್ಪಿಸುತ್ತಿದ್ದ. ನಮಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಅಪ್ಪ ಮಾತ್ರ ನಗುತ್ತಿರಲಿಲ್ಲ. ಅಜ್ಜನ ಎದುರು ಅವನು ಕೂಡುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲ.

ಕಥೆ ಹೇಳುವ ಹಕ್ಕು ಗಂಡಸರದ್ದು, ತಿಕ್ಕುವ ಕೆಲಸ ಅವ್ವನದ್ದು. ಆಯುಧಪೂಜೆಯ ಖಂಡೇ ನವಮಿಯ ಹಿಂದಿನ ದಿನ ಪಿಸ್ತೂಲು ಹಿತ್ತಲಿಗೆ ಬರುತ್ತಿತ್ತು. ಕುಡಗೋಲು, ಕೊಡಲಿ, ನೇಗಿಲಿನ ಕುಳ ಎಲ್ಲ ಮುಗಿಸಿ ಕೊನೆಗೆ ಅವ್ವ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನೆನೆಸಿದ ಹುಣಸೆಹಣ್ಣು, ಒಲೆಯ ಬೂದಿ, ನುಣ್ಣಗೆ ಕುಟ್ಟಿದ ಇಟ್ಟಂಗಿ ಪುಡಿ, ತೆಂಗಿನ ನಾರು. ಅಜ್ಜ ಹಿತ್ತಲ ಬಾಗಿಲಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದ:

“ನನ್ನ ಮೀಸಿ ಕಾಣಬೇಕವಾ ಅದರಾಗ. ಕನ್ನಡಿ ಆಗಬೇಕು, ಕನ್ನಡಿ.”

ಅವ್ವನ ಕೈ ಹುಣಸೆಯ ಹುಳಿಗೆ ಬಿರಿದು, ಮೂರು ದಿನ ರೊಟ್ಟಿ ತಟ್ಟುವಾಗ ಉರಿಯುತ್ತಿತ್ತು. ಸಂಜೆಯ ಹೊತ್ತಿಗೆ ಪಿಸ್ತೂಲು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮರುದಿನ ಬೆಳಿಗ್ಗೆ ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವು. ಊರ ಹಿರಿಯರು ಸಾಲಾಗಿ ಬಂದು ಕೈಮುಗಿಯುತ್ತಿದ್ದರು. ಆ ದಿನ ಅವ್ವ ಖಂಡೇ ಖೋಲಿಯ ಹೊಸ್ತಿಲು ದಾಟುವಂತಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನವಿಡೀ ಕೂಸಿನಂತೆ ತೊಡೆಯ ಮೇಲೆ ಹಾಕಿಕೊಂಡವಳು ಈಗ ಹೊಸ್ತಿಲಾಚೆ ನಿಂತು ಆರತಿ ತಟ್ಟೆಯನ್ನು ಕೈ ಚಾಚಿ ಒಳಗೆ ಕೊಡಬೇಕು. ಯಾಕೆ ಎಂದು ನಾನು ಏಳು ವರ್ಷದವಳಿದ್ದಾಗ ಅಜ್ಜನನ್ನು ಕೇಳಿದ್ದೆ.

“ಹೆಣ್ಣಮಕ್ಳು ಖಂಡೇಕ ಕೈ ಹಚ್ಚಬಾರದು.”

“ನಿನ್ನೆ ಹಚ್ಯಾಳಲ್ಲ?”

“ನಿನ್ನೆ ಅದು ಖಂಡೆ ಅಲ್ಲ, ಕಬ್ಬಿಣ.”

ಈ ಉತ್ತರ ಕೊಟ್ಟ ಅಜ್ಜ ದಡ್ಡನಲ್ಲ. ಅದೇ ನನ್ನ ಸಿಟ್ಟಿನ ಮೂಲ. ದಡ್ಡನಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಅವ್ವ ರಾಮದುರ್ಗದ ಕಡೆಯವಳು. ಅವಳ ತವರಿನಲ್ಲಿ ಮಗ್ಗವಿತ್ತು, ಇತಿಹಾಸವಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ “ರಾಮದುರ್ಗದಾಗ ಹಿಂಗ ಉಣತಾರೇನ?” ಎಂಬ ಮಾತು ಪಡಸಾಲೆಯಿಂದ ಬರುತ್ತಿತ್ತು. ಉಪ್ಪು ಕಡಿಮೆಯಾದರೂ ಅದೇ ಮಾತು. ಗಂಡಸರ ಊಟವೆಂದರೆ ಬಿಸಿ ರೊಟ್ಟಿ ಒಂದೊಂದಾಗಿ ತವೆಯಿಂದ ತಾಟಿಗೆ ಹೋಗಬೇಕು. ನಾನು, ಸುಮಿತ್ರಾ ಅಡುಗೆಮನೆಗೂ ಪಡಸಾಲೆಗೂ ನಡುವೆ ಓಡುತ್ತಿದ್ದೆವು. ಎಲ್ಲರದೂ ಮುಗಿದ ಮೇಲೆ ನಾವು ಮೂವರು ಒಲೆಯ ಮುಂದೆ ಕೂತು ಉಣ್ಣುತ್ತಿದ್ದೆವು. ಶೇಂಗಾ ಹಿಂಡಿ, ಗಟ್ಟಿ ಮೊಸರು, ಆರಿದ ರೊಟ್ಟಿ. ಆಗ ಮಾತ್ರ ಅವ್ವ ಮಾತಾಡುತ್ತಿದ್ದಳು, ಮತ್ತು ಚೆನ್ನಾಗಿ ಮಾತಾಡುತ್ತಿದ್ದಳು. ಆ ದಿನ ಬಂದ ಅತಿಥಿಯ ನಡಿಗೆಯನ್ನು ಕೂತಲ್ಲೇ ಕೂತು ಮಾಡಿ ತೋರಿಸುತ್ತಿದ್ದಳು. ನಾನು ಒಳ್ಳೆಯ ವಾದಪಟುವಾಗಿದ್ದರೆ ಅದು ಸಾಲೆಯಲ್ಲಿ ಕಲಿತದ್ದಲ್ಲ. ಅಲ್ಲಿ ನನ್ನ ಬಾಯಿಗೆ ಬರೀ ಲಗಾಮು ಹಾಕಿದರು.

ಬೈಲಹೊಂಗಲದ ಹೈಸ್ಕೂಲಿನಲ್ಲಿ ನಮಗೊಬ್ಬ ಮಾಸ್ತರರಿದ್ದರು. ಚರ್ಚಾಸ್ಪರ್ಧೆಯ ಹುಚ್ಚಿನವರು. ಸವದತ್ತಿಯಲ್ಲಿ ಸ್ಪರ್ಧೆಯಿದ್ದರೆ ನಸುಕಿನ ಬಸ್ಸಿಗೆ ನಮ್ಮನ್ನು ಹತ್ತಿಸಿ, ದಾರಿಯುದ್ದಕ್ಕೂ ಪರ ವಿರೋಧ ಎರಡನ್ನೂ ನಮ್ಮಿಂದಲೇ ಆಡಿಸುತ್ತಿದ್ದರು. ಯಾವ ಮಾತು ಕಿವಿಗೆ ಬಿದ್ದರೂ ಮೂರು ಪ್ರಶ್ನೆ ಕೇಳಬೇಕು ಎನ್ನುತ್ತಿದ್ದರು: ನೋಡಿದವರು ಯಾರು, ಗುರುತು ಎಲ್ಲಿದೆ, ಅದಕ್ಕೆ ಬೇರೆ ಕಾರಣ ಇರಬಹುದೆ. ಮೊದಲ ಎರಡು ಪ್ರಶ್ನೆಗಳಿಂದಲೇ ನಾನು ಎಷ್ಟೊಂದು ಸ್ಟೀಲಿನ ಲೋಟ, ತಾಟು ಗೆದ್ದು ತಂದೆನೆಂದರೆ ಮೂರನೆಯದರ ಅಗತ್ಯವೇ ಬೀಳಲಿಲ್ಲ. ಗೆದ್ದ ಲೋಟದಲ್ಲಿ ಅಜ್ಜ ಚಹಾ ಕುಡಿಯುತ್ತಿದ್ದ. “ನಮ್ಮ ವಕೀಲವ್ವ ಗೆದ್ದಾಳ” ಎಂದು ಬಂದವರಿಗೆ ಲೋಟ ತೋರಿಸುತ್ತಿದ್ದ. ಹೊರಗಿನವರನ್ನು ಸೋಲಿಸುವ ತನಕ ಹುಡುಗಿಯ ಬಾಯಿ ಮನೆಗೆ ಶೋಭೆ.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಆ ಬಾಯಿ ಮನೆಯೊಳಗೆ ತಿರುಗಿತು. ನನಗೆ ಒಳ್ಳೆಯ ಮಾರ್ಕು ಬಂದಿದ್ದವು. ಧಾರವಾಡದಲ್ಲಿ ಡಿಗ್ರಿ ಮಾಡಬೇಕು, ಹಾಸ್ಟೆಲಿನಲ್ಲಿ ಇರಬೇಕು ಎಂದೆ. ಅಪ್ಪ ಹೊಲಕ್ಕೆ ಹೊರಟುಹೋದ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ, ತಲೆಯೆತ್ತಲಿಲ್ಲ.

“ನಮ್ಮ ಮನಿ ಹೆಣ್ಣಮಕ್ಳು ಊರ ಬಿಟ್ಟು ಇರಾಕ ಹೋಗಿಲ್ಲ.”

“ಯಾಕ ಹೋಗಿಲ್ಲ ಅಜ್ಜಾ?”

“ಯಾಕಂದ್ರ ಇದು ಎಂಥಾ ಮನಿ ಅಂತ ನಿನಗ ಗೊತ್ತಿಲ್ಲೇನ? ಆ ಖೋಲ್ಯಾಗ ಏನೈತಿ ಹೋಗಿ ನೋಡು. ಅಂಥಾ ಮನಿ ಮಗಳು ಕಂಡವರ ಊರಾಗ ಖಾಟಿನ ಮ್ಯಾಲ ಮಲಗಾಕ ಹೋಗೂದಿಲ್ಲ.”

“ಅಂದ್ರ ಆ ಪಿಸ್ತೂಲ ಐತಿ ಅಂತ ನಾ ಓದಬಾರದು?”

“ಹಂಗ ತಿಳಕೋ.”

“ಹಂಗಾರ ಅದು ಖೋಟಾ ಇದ್ರ?”

ಅಜ್ಜ ಈಗ ತಲೆಯೆತ್ತಿದ. ನಾನು ನಿಲ್ಲಿಸಲಿಲ್ಲ. ಕಾಳಗದಲ್ಲಿ ಪಿಸ್ತೂಲು ಕಿತ್ತುಕೊಂಡದ್ದನ್ನು ನೋಡಿದವರು ಯಾರು? ಅದರ ಮೇಲೆ ಒಂದು ಅಕ್ಷರವಾದರೂ ಇದೆಯೇ? ಅಷ್ಟು ಹಳೆಯದು ಅಷ್ಟು ಹೊಳೆಯುವುದು ಹೇಗೆ? ಸಂತೆಯಲ್ಲಿ ನಿನ್ನೆ ಕೊಂಡ ಹಾಗಿದೆ. ಇಂಥವನ್ನು ಮಾಡಿ ಮಾರುವವರಿದ್ದಾರೆ ಎಂದು ನಾನು ಪತ್ರಿಕೆಯಲ್ಲಿ ಓದಿದ್ದೇನೆ. ಪಿಸ್ತೂಲು ಖೋಟಾ ಆದರೆ ಅದರ ಮೇಲೆ ಕಟ್ಟಿದ ದೊಡ್ಡಸ್ತಿಕೆ ಖೋಟಾ, ದೊಡ್ಡಸ್ತಿಕೆ ಖೋಟಾ ಆದರೆ ಅದರಿಂದ ಬಂದ ನಿಯಮವೂ ಖೋಟಾ.

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಅವನು ಎಲೆಯನ್ನು ಮಡಿಚಿ, ಬಾಯಿಗೆ ಹಾಕಿಕೊಳ್ಳದೆ ಮತ್ತೆ ತಾಟಿನಲ್ಲಿಟ್ಟ.

“ಬಾಯಿಲೆ ಆಡಿದ್ದು ಸಾಕು. ತೋರಸು. ತಿಳದಾವ್ರನ್ನ ಕರಸತೇನಿ. ಖೋಟಾ ಅಂತ ಅವ್ರು ಅಂದ್ರ ನೀ ಧಾರವಾಡಕ್ಕ ಹೋಗು, ನಿನ್ನ ಹಿಂದ ಸುಮ್ಮಿನೂ ಹೋಗ್ಲಿ, ನಾ ಅಡ್ಡ ಬರೂದಿಲ್ಲ. ಅಸಲಿ ಅಂದ್ರ, ಈ ಬಾಯಿ ಮುಚ್ಚಬೇಕು. ಶ್ರಾವಣದಾಗ ವರಾ ನೋಡತೇನಿ, ಹೂಂ ಅನಬೇಕು.”

“ಆತು” ಅಂದೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ನಿಂತದ್ದು ನನಗೆ ಕೇಳಿಸಿತು. ಎರಡು ಹುಡುಗಿಯರ ಬದುಕು ಒಂದು ಕಬ್ಬಿಣದ ವಯಸ್ಸಿನ ಮೇಲೆ ನಿಂತಿತು, ಮತ್ತು ಹಾಗೆ ನಿಲ್ಲಿಸಿದವಳು ನಾನೇ. ಆ ಹೊತ್ತಿನಲ್ಲಿ ನನಗೆ ಅದು ಅನ್ಯಾಯ ಎನ್ನಿಸಲೇ ಇಲ್ಲ. ಒಳ್ಳೆಯ ವಿಷಯ ಸಿಕ್ಕಿತು ಎನ್ನಿಸಿತು.

ತಿಳಿದವರೆಂದು ಅಜ್ಜ ಕರೆಸಿದ್ದು ಇಮಾಮಸಾಬರನ್ನು. ಬೆಳಗಾವಿಯಲ್ಲಿ ಹೊಲ ಕಾಯುವವರ ಪರವಾನಗಿ ಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದ ಮುದುಕ. ಅವರ ತಂದೆಯೂ ತಾತನೂ ಅದೇ ಕಸುಬಿನವರು. ಹೆಗಲಿಗೆ ಚೀಲ, ಕಣ್ಣಿಗೆ ದಪ್ಪ ಚಷ್ಮಾ, ಬಸ್ಸಿನ ಧೂಳು ಹತ್ತಿದ ಗಡ್ಡ. ಅಜ್ಜ ತಾನೇ ಖಂಡೇ ಖೋಲಿಯಿಂದ ಮಕಮಲ್ಲಿನ ಗಂಟು ತಂದು ಪಡಸಾಲೆಯ ಕಂಬಳಿಯ ಮೇಲೆ ಬಿಚ್ಚಿದ. ಕಾಕಾ, ಓಣಿಯ ನಾಲ್ಕು ಹಿರಿಯರು ಕೂತಿದ್ದರು, ಅಪ್ಪ ಬದಿಗೆ ನಿಂತಿದ್ದ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅವ್ವ, ಸುಮಿತ್ರಾ ನಡುಮನೆಯ ಬಾಗಿಲ ಹಿಂದೆ.

ಇಮಾಮಸಾಬರು ಕೂಡಲೇ ಕೈಗೆತ್ತಿಕೊಳ್ಳಲಿಲ್ಲ. ಒಂದು ಮಗ್ಗುಲಿಂದ ಬಗ್ಗಿ ನೋಡಿದರು, ಇನ್ನೊಂದು ಮಗ್ಗುಲಿಂದ ನೋಡಿದರು. ಆಮೇಲೆ ಎತ್ತಿ ತೂಕ ನೋಡಿದರು. ಪಿಸ್ತೂಲಿನ ಮೇಲೆ ಹಕ್ಕಿಯ ಕೊಕ್ಕಿನ ಹಾಗೊಂದು ಉಕ್ಕಿನ ತುಂಡು. ಅದು ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುತ್ತದೆ. ಕೆಳಗಿನ ಕುದುರೆಯನ್ನು ಬೆರಳಿನಿಂದ ಎಳೆದರೆ ಕೊಕ್ಕು ಮುಂದಿನ ಉಕ್ಕಿಗೆ ಬಡಿದು ಕಿಡಿ ಹಾರಬೇಕು, ಕಿಡಿ ಕೆಳಗಿನ ಪುಟ್ಟ ಬಟ್ಟಲಿನ ಮದ್ದಿಗೆ ಬೀಳಬೇಕು, ಅಲ್ಲಿಂದ ಒಂದು ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗೆ ಹೋಗಬೇಕು. ಇದನ್ನು ಅವರು ನನಗೆ ತೋರಿಸಿ ಹೇಳಿದರು, ಅಜ್ಜನಿಗಲ್ಲ. ಆ ಮನೆಯಲ್ಲಿ ಅಷ್ಟು ವರ್ಷ ಪೂಜೆಗೊಂಡ ವಸ್ತು ಹೇಗೆ ಕೆಲಸ ಮಾಡುತ್ತದೆಂದು ಆ ದಿನ ಎಲ್ಲರೂ ಮೊದಲ ಸಲ ಕೇಳಿದೆವು.

“ತೂತು ನೋಡೂಣು” ಎಂದು ಕಸಬರಿಗೆಯ ಕಡ್ಡಿ ಕೇಳಿ ತೆಗೆದುಕೊಂಡರು. ಕಡ್ಡಿ ಒಳಗೆ ಹೋಗಲಿಲ್ಲ.

“ತೂತ ಇಲ್ಲ!” ಅಂದೆ ನಾನು. “ಬೆಂಕಿನ ಒಳಗ ಹೋಗಂಗಿಲ್ಲ ಅಂದ್ರ ಇದು ಹಾರೂದು ಹೆಂಗ? ಇದು ಗ್ವಾಡಿಗೆ ತೂಗಹಾಕಾಕ ಮಾಡಿದ್ದು.”

“ಗಡಬಡ ಮಾಡಬ್ಯಾಡವಾ” ಅಂದರು ಇಮಾಮಸಾಬರು. “ಖೋಟಾ ಮಾಲಿಗೆ ತೂತ ಕೊರದಿರೂದಿಲ್ಲ, ಖರೆ. ಆದ್ರ ಇದರಾಗ ಕುಂಕಮಾ, ವಿಭೂತಿ, ಎಣ್ಣಿ ಕೂಡಿ ಗಚ್ಚಿನಂಗ ಕುಂತಿರಬೌದು.” ಅಜ್ಜನ ಕಡೆ ತಿರುಗಿದರು. “ಗೌಡ್ರ, ಎರಡ ಸ್ಕ್ರೂ ಬಿಚ್ಚತೇನಿ. ಈ ತಗಡ ತಗದು ಒಳಗಿನ ಮೈ ನೋಡಿದ್ರ ಮುಗೀತು. ಕೈಲೆ ಅರ ಹೊಡದ ಸ್ಕ್ರೂ ಬ್ಯಾರೆ, ಮಷಿನಿಂದ ಬ್ಯಾರೆ. ಒಳಗ ಯಾರೂ ಸುಳ್ಳ ಹೇಳೂದಿಲ್ಲ.”

“ಬಿಚ್ಚಾಕ ಬರೂದಿಲ್ಲ” ಅಂದ ಅಜ್ಜ.

“ಹಾಳ ಮಾಡೂದಿಲ್ರಿ. ಇದ್ದಂಗ ಕೂಡಸತೇನಿ.”

“ಪೂಜಿ ತಗೊಂಡ ಖಂಡೆ ಐತಿ ಸಾಬ್ರ. ಮೈ ಬಿಚ್ಚಿಸಿದ್ರ ಅದು ಖಂಡೆ ಉಳಿಯೂದಿಲ್ಲ. ಮ್ಯಾಲಿಂದ ನೋಡಿ ಹೇಳ್ರಿ.”

ನನಗೆ ಒಳಗೊಳಗೇ ಕುಣಿಯುವಂತಾಯಿತು. ಎದುರಾಳಿ ತನ್ನ ಸಾಕ್ಷಿಯನ್ನು ತಾನೇ ಹೊರಗೆ ಕಳಿಸುತ್ತಿದ್ದ. ಇಮಾಮಸಾಬರು ಭೂತಗನ್ನಡಿ ಹಿಡಿದು ಕೊಕ್ಕಿನ ಕೆಳಗಿನ ತಗಡನ್ನು ಬೆಳಕಿಗೆ ಅತ್ತಿತ್ತ ಆಡಿಸಿದರು. ಮಾಡಿದವರು ಇಲ್ಲಿ ಮುದ್ರೆ ಒತ್ತಿರುತ್ತಾರೆ, ನಳಿಗೆಯ ಬುಡದಲ್ಲೂ ಒತ್ತಿರುತ್ತಾರೆ, ಇದರಲ್ಲಿ ಎಲ್ಲೂ ಇಲ್ಲ ಎಂದರು. ಅಂಚುಗಳು ಸಾಬೂನಿನ ಹಾಗೆ ದುಂಡಾಗಿವೆ ಎಂದರು. ಹಳೆಯ ಉಕ್ಕಿಗೆ ಒಂದು ಕಂದು ಬಣ್ಣ ಬಂದಿರುತ್ತದೆ, ಇದು ಬೋಗುಣಿಯ ಹಾಗೆ ಬೆಳ್ಳಗಿದೆ ಎಂದರು. ಪ್ರತಿ ಮಾತಿಗೂ ನಾನು ಬೆರಳು ಮಡಿಚುತ್ತಿದ್ದೆ. ಆಗ ಅವರು ತಟ್ಟನೆ ಕನ್ನಡಿ ಕೆಳಗಿಟ್ಟರು.

“ಇದನ್ನ ಏನ ಹಚ್ಚಿ ತಿಕ್ಕತೀರಿ ಗೌಡ್ರ?”

ಅಜ್ಜ ಅಪ್ಪನ ಮುಖ ನೋಡಿದ. ಅಪ್ಪ ಕಾಕಾನ ಮುಖ ನೋಡಿದ. ಕಾಕಾ, “ಏನೋ ಹಚ್ಚತಾರಪಾ” ಅಂದ. ಮೂರು ಜನ ಗಂಡಸರು, ಪ್ರತಿ ವರ್ಷ ಕೈಮುಗಿದವರು, ಒಬ್ಬನಿಗೂ ಗೊತ್ತಿರಲಿಲ್ಲ.

“ಹೆಣ್ಣಮಕ್ಳನ್ನ ಕರೀರಿ” ಅಂದರು ಇಮಾಮಸಾಬರು.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದಳು. ಆ ಪಡಸಾಲೆಯಲ್ಲಿ ಅಷ್ಟು ಗಂಡಸರ ಮುಂದೆ ಅವಳನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹುಣಸೆಹಣ್ಣು, ಬೂದಿ, ಇಟ್ಟಂಗಿ ಪುಡಿ ಎಂದಳು. ಇಮಾಮಸಾಬರು ಹಣೆಗೆ ಕೈ ಹಚ್ಚಿಕೊಂಡರು.

“ಯಾ ಅಲ್ಲಾ. ಎಷ್ಟ ವರ್ಷಾತು ತಿಕ್ಕಾಕ ಹತ್ತಿ?”

“ನಾ ಈ ಮನೀಗೆ ಬಂದಾಗಿಂದ್ರಿ. ಹತ್ತೊಂಬತ್ತ ವರ್ಷಾತು. ಮೊದಲ ಅತ್ತಿ ಒರಸತಿದ್ರು. ಅವರು ಎಣ್ಣಿ ಅರಬಿಲೆ ಒರಸತಿದ್ರು ಅಷ್ಟ. ತಿಕ್ಕೂದು ನಾ ಬಂದ ಮ್ಯಾಲ.”

“ಹಂಗಾರ ನಿಮ್ಮನ್ನ ಕೇಳಬೇಕು ತಂಗೀ. ಇಟ್ಟಂಗಿ ಪುಡಿ ಎಂಥಾ ಮುದ್ರಿನೂ ತಿಂದ ಬಿಡತೈತಿ. ನೀವು ಮೊದಲನೇ ಸಲ ಕೈಯಾಗ ಹಿಡದಾಗ, ಈ ತಗಡಿನ ಮ್ಯಾಲ ಅಕ್ಷರಾ, ಚಿತ್ರಾ, ಗೀರು, ಏನರ ಇತ್ತೇನು? ಜ್ವಾಕಿಲೆ ನೆನಪ ಮಾಡಕೋರಿ. ಇತ್ತು ಅಂದ್ರ ಇದು ಅಸಲಿ ಅಂತ ನಾ ಬರದ ಕೊಡತೇನಿ. ಇದ್ದಿಲ್ಲ ಅಂದ್ರ ನಕಲಿ.”

ಅಜ್ಜ ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ನಾನು ಹಿಂದೆಂದೂ ನೋಡದ ಒಂದು ಬೇಡಿಕೆ ಇತ್ತು. “ಹೇಳವಾ” ಅಂದ, ಮೆತ್ತಗೆ. ಸೊಸೆಯ ಜೊತೆ ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ನೆಲ ನೋಡುತ್ತಿದ್ದಳು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

“ಇಲ್ರಿ ಮಾವಾರ. ಏನೂ ಇದ್ದಿಲ್ಲ. ಬೋಳ ಇತ್ತು.”

ಇಮಾಮಸಾಬರು ಸ್ವಲ್ಪ ಹೊತ್ತು ಅವ್ವನನ್ನೇ ನೋಡಿದರು. “ನಕಲಿ ಅನ್ನಬೇಕಾಕ್ಕೈತಿ ಗೌಡ್ರ” ಎಂದು ಕನ್ನಡಿಯನ್ನು ಚೀಲಕ್ಕೆ ಹಾಕಿದರು. ಚಹಾ ಕುಡಿಯದೆ ಬಸ್ಸಿಗೆ ಹೊರಟರು.

ನಾನು ಚಪ್ಪಾಳೆ ತಟ್ಟಲಿಲ್ಲ ಎಂಬುದಷ್ಟೇ ನನ್ನ ಸಭ್ಯತೆ. ಅಜ್ಜನಿಂದ ಬೈಗುಳ ಬರುತ್ತದೆ, ಮಾತು ಮುರಿಯುತ್ತಾನೆ, ಮತ್ತೆ ವಾದ ಮಾಡಬೇಕಾಗುತ್ತದೆ ಎಂದು ಪಾಯಿಂಟುಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅವನು ಪಿಸ್ತೂಲನ್ನು ಮಕಮಲ್ಲಿನಲ್ಲಿ ಸುತ್ತಿ, ಖಂಡೇ ಖೋಲಿಗೆ ಒಯ್ಯದೆ, ಅಟ್ಟದ ಮೇಲಿನ ಹಳೆಯ ಟ್ರಂಕಿಗೆ ಹಾಕಿಸಿದ. ಒಂದು ವಾರ ಪಡಸಾಲೆಗೆ ಬರಲಿಲ್ಲ. ಆಮೇಲೆ ಅಪ್ಪನನ್ನು ಕರೆದು ನನ್ನ ಹಾಸ್ಟೆಲಿನ ವ್ಯವಸ್ಥೆ ಮಾಡಲು ಹೇಳಿದ. ಇದಕ್ಕೂ ನನಗೆ ಸಿಟ್ಟಿದೆ. ಅನ್ಯಾಯದ ನಿಯಮ ಮಾಡಿದವನು ಮಾತಿಗೆ ತಪ್ಪುವ ನೀಚನಾಗಿದ್ದರೆ ಲೆಕ್ಕ ಸರಳವಾಗುತ್ತಿತ್ತು. ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಬಂದು, ಕಿಟಕಿಯ ಸರಳು ಹಿಡಿದುಕೊಂಡು ಕೇಳಿದ:

“ಅಲ್ಲಿ ದೊಡ್ಡ ಲೈಬ್ರರಿ ಇರತೈತಂತಲ್ಲವಾ?”

“ಇರತೈತಿ.”

“ಹಳೀ ಪಿಸ್ತೂಲಿನ ಬುಕ್ಕ ಏನರ ಇದ್ರ ನೋಡು. ಸಾಬ್ರೂ ಮನಶ್ಯಾರ, ತಪ್ಪಿರಬೌದು. ನೀ ಶಾಣ್ಯಾಕಿ, ನಿನಗ ತಿಳೀತೈತಿ. ನೀ ಹೇಳಿದ್ರ ನಾ ಒಪ್ಪತೇನಿ.”

ಕಂಡಕ್ಟರು ಗಂಟೆ ಬಾರಿಸಿದ. ಹೂಂ ಎಂದು ತಲೆಯಾಡಿಸಿದೆ, ಮುದುಕನ ಹಟ ಎಂದು ಒಳಗೇ ನಕ್ಕೆ.

ದಸರೆಯ ರಜೆಗೆ ಬಂದಾಗ ಖಂಡೇ ಖೋಲಿಯಲ್ಲಿ ಮಣೆ ಖಾಲಿಯಿತ್ತು. ಹಿರಿಯರು ಕುಡಗೋಲು, ಕುಳಗಳಿಗೆ ಕೈಮುಗಿದು ಬೇಗ ಹೋದರು. ಕಂಡಕ್ಟರು ಈಗ ಊರ ಹೆಸರನ್ನೇ ಕೂಗುತ್ತಾನೆಂದು ಕಾಕಾ ಹೇಳಿದ. ಹೇಳುವಾಗ ನಗಲಿಲ್ಲ. ಅಡುಗೆಮನೆಯಲ್ಲಿ ಅವ್ವನ ಎದುರು ಕೂತು ನಾನು ಧಾರವಾಡದ ಗೆಲುವುಗಳನ್ನು ಕೊಚ್ಚಿಕೊಳ್ಳುತ್ತಿದ್ದೆ. ಪಿಸ್ತೂಲಿನ ವಾದವನ್ನು ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಎಲ್ಲರೂ ಶಭಾಷ್ ಅಂದರು ಎಂದೆ. ಅವ್ವ ತವೆಯ ಮೇಲೆ ರೊಟ್ಟಿಗೆ ನೀರು ಸವರುತ್ತಿದ್ದಳು.

“ಭಾಳ ಉಬ್ಬಬ್ಯಾಡ. ನೀ ಗೆದ್ದಿಲ್ಲ.”

“ಅಂದ್ರ?”

“ಗುರ್ತು ಇತ್ತು.”

ಹಿಟ್ಟು ನಾದುವ ಕೊಣಮಿಗೆಯಲ್ಲಿ ಉಳಿದ ಒಣಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ಬೆರಳಿನಿಂದ ಬರೆದಳು. ವೀಳ್ಯದೆಲೆಯ ಹಾಗೊಂದು ಆಕಾರ, ತುದಿ ಕೆಳಕ್ಕೆ. ಅದನ್ನು ನಾಲ್ಕು ಪಾಲು ಮಾಡಿ ಎರಡು ಗೆರೆ. ಒಂದೊಂದು ಪಾಲಿನಲ್ಲಿ ಒಂದೊಂದು ಗುರುತು. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಒಂದು ಇಕ್ಕಳದ ಹಾಗೆ, ಒಂದು ಬಾಚಣಿಗೆಯ ಹಾಗೆ, ಒಂದು ಕೋಲಿನ ಹಾಗೆ, ಒಂದು ಮುರಿದ ಬಳೆಯ ಹಾಗೆ ಎಂದಳು. ಎಲೆಯ ತಲೆಯ ಮೇಲೆ ಬೋರಲು ಹಾಕಿದ ಕುರ್ಚಿಯಂಥದ್ದೊಂದು. ಮದುವೆಯಾಗಿ ಬಂದ ಮೊದಲ ವರ್ಷ ಅದನ್ನು ನೋಡಿ ಚೆಂದವಿದೆ ಎಂದುಕೊಂಡಿದ್ದಳಂತೆ. ವರ್ಷ ವರ್ಷ ತೆಳುವಾಗುತ್ತಾ ಬಂದಾಗ, ಈ ಚಿತ್ರ ಅಳಿಯುತ್ತಿದೆ, ಪುಡಿ ಹಚ್ಚುವುದು ಬೇಡವೇನೋ ಎಂದು ಆಗಿನ್ನೂ ಬದುಕಿದ್ದ ಅತ್ತೆಯ ಮೂಲಕ ಅಜ್ಜನಿಗೆ ಹೇಳಿಸಿದ್ದಳಂತೆ. ರಾಮದುರ್ಗದವಳಿಗೆ ಪಿಸ್ತೂಲಿನ ವಿಷಯ ಏನು ಗೊತ್ತು, ತಿಕ್ಕು ಅನ್ನು, ಎಂದು ಉತ್ತರ ಬಂದಿತ್ತಂತೆ. ಅಜ್ಜ ಅದರಲ್ಲಿ ತನ್ನ ಮೀಸೆಯ ಹೊರತು ಬೇರೇನನ್ನೂ ನೋಡಿದವನಲ್ಲ, ಆ ಮಾತನ್ನೂ ಮರೆತಿದ್ದ. ತಿಕ್ಕಿದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಹತ್ತಿರ ಇದ್ದವಳು ಅವ್ವ.

“ಮತ್ತ ಸುಳ್ಳ ಯಾಕ ಹೇಳಿದಿ? ನಾ ವಾದದಾಗ ಗೆಲ್ಲತಿದ್ನೆಲ್ಲ!”

“ಏನ ಗೆಲ್ಲತಿದ್ದಿ? ಶ್ರಾವಣದಾಗ ಸೀರಿ ಉಟ್ಟು ಕುಂಡ್ರತಿದ್ದಿ.” ರೊಟ್ಟಿಯನ್ನು ಒಲೆಯ ಬೆಂಕಿಗೆ ಒರಗಿಸಿದಳು. “ನಿನಗ ಬಾಯಿ ಐತಿ ಅಂತ ನಿನ್ನನ್ನೂ ಸುಮ್ಮಿನೂ ಪಣಕ್ಕ ಇಟ್ಟಿ. ನನ್ನ ಒಂದ ಮಾತ ಕೇಳಿದ್ಯಾ? ಹತ್ತೊಂಬತ್ತ ವರ್ಷದಾಗ ಅದನ್ನ ಕೈಯಾಗ ಹಿಡದಾಕಿ ನಾ ಒಬ್ಬಾಕಿ. ನಿನಗೂ ಕೇಳಬೇಕು ಅನಸಲಿಲ್ಲ.”

ಮೂರನೆಯ ಪ್ರಶ್ನೆ. ಗುರುತು ಇಲ್ಲದಿರುವುದಕ್ಕೆ ಬೇರೆ ಕಾರಣ ಇರಬಹುದೆ? ಆ ಕಾರಣ ಪ್ರತಿ ದಿನ ನನಗೆ ಊಟ ಹಾಕುತ್ತಿತ್ತು. ಪಡಸಾಲೆಯ ಗಂಡಸರಿಗೂ ನನಗೂ ಆ ವಿಷಯದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಇಷ್ಟು ವರ್ಷದ ಮೇಲೂ ನನ್ನ ಸಿಟ್ಟಿನಲ್ಲಿ ದೊಡ್ಡ ಪಾಲು ಸಲ್ಲುವುದು ಆ ಕಂಬಕ್ಕೆ ಒರಗಿ ಬೆರಳು ಮಡಿಚುತ್ತಿದ್ದ ಹುಡುಗಿಗೆ.

ಆದರೂ ನಾನು ಸಂಶಯದ ಪ್ರಾಣಿ. ಮಾವ ಕುಗ್ಗಿದ್ದನ್ನು ನೋಡಲಾಗದೆ ಅವ್ವ ಈಗ ಕಥೆ ಕಟ್ಟುತ್ತಿರಬಹುದು ಎಂದೂ ಯೋಚಿಸಿದೆ. ಧಾರವಾಡಕ್ಕೆ ಮರಳಿ, ಲೈಬ್ರರಿಯಲ್ಲಿ ಚಳಿಗಾಲವಿಡೀ ಹುಡುಕಿದೆ. ಹಳೆಯ ಆಯುಧಗಳ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ನನಗಿಂತ ಮೊದಲು ಅದನ್ನು ಯಾರೂ ಒಯ್ದಿರಲಿಲ್ಲ. ಅದರ ಒಂದು ಪುಟದಲ್ಲಿ ಕಂಪನಿ ಸರಕಾರದ ಬಿಳಿಯರು ತಮ್ಮ ಪಿಸ್ತೂಲುಗಳ ತಗಡಿಗೆ ಹಾಕುತ್ತಿದ್ದ ಮುದ್ರೆಯ ಚಿತ್ರವಿತ್ತು. ತುದಿ ಕೆಳಗಾದ ಹೃದಯದ ಆಕಾರ, ನಾಲ್ಕು ಪಾಲು, ಪಾಲಿಗೊಂದು ಅಕ್ಷರ, ನೆತ್ತಿಯ ಮೇಲೆ ಇಂಗ್ಲಿಷಿನ ನಾಲ್ಕರ ಅಂಕಿ. ಬೋರಲು ಹಾಕಿದ ಕುರ್ಚಿ. ಅಕ್ಷರ ಓದಲು ಬಾರದವಳು ಹಿಟ್ಟಿನಲ್ಲಿ ಒಂದು ಗೆರೆಯನ್ನೂ ತಪ್ಪಿರಲಿಲ್ಲ. ಕಿತ್ತೂರಿನ ಬಾಗಿಲಲ್ಲಿ ಯಾರು ಯಾರ ಕೈಯಿಂದ ಕಿತ್ತುಕೊಂಡರೋ ಅದು ನನಗೆ ಇಂದಿಗೂ ಗೊತ್ತಿಲ್ಲ. ಪಿಸ್ತೂಲು ಮಾತ್ರ ಅಸಲಿ.

ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು ಬೇಸಿಗೆ ರಜೆಗೆ ಊರಿಗೆ ಬಂದೆ. ಬ್ಯಾಗು ಇಳಿಸುವ ಮೊದಲೇ ಅವ್ವನಿಗೆ ತೋರಿಸಿದೆ. ಅವಳು ಕೈ ಒರೆಸಿಕೊಂಡು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳೆಯ ಪರಿಚಯದವರನ್ನು ಕಂಡ ಹಾಗೆ ನಕ್ಕಳು.

“ಹೌದು, ಇದ.”

“ಅಜ್ಜಗ ತೋ‌ರಸತೇನಿ.”

“ತೋರಸು.” ಕಾಗದವನ್ನು ಮಡಿಚದೆ ಹಾಗೆಯೇ ಹಿಂದಕ್ಕೆ ಕೊಟ್ಟಳು. “ಸುಮ್ಮಿ ರಿಸಲ್ಟ್ ಬಂದೈತಿ. ಧಾರವಾಡದ ಫಾರ್ಮ್ ತರಿಸ್ಯಾರ. ಅಜ್ಜಾರು ಇನ್ನಾ ಸಹಿ ಮಾಡಿಲ್ಲ. ಅಷ್ಟ ನೆನಪಿಟಗೊಂಡ ಹೋಗು.”

ಹಿತ್ತಲಲ್ಲಿ ಸುಮಿತ್ರಾ ಬಟ್ಟೆ ಒಣಹಾಕುತ್ತಿದ್ದಳು. ಗೋಡೆಯಾಚೆಯಿಂದ ಅವಳ ಹಾಡು ಕೇಳಿಸುತ್ತಿತ್ತು. ನಾನು ನಡುಮನೆ ದಾಟುವಷ್ಟರಲ್ಲಿ ಕಾಗದ ನಾಲ್ಕು ಮಡಿಕೆಯಾಗಿ ಮುಷ್ಟಿಯೊಳಗೆ ಬಂದಿತ್ತು.

ಅಜ್ಜ ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ. ಮೀಸೆ ತಿರುವಿರಲಿಲ್ಲ. ಎದುರಿಗೆ ಸುಮಿತ್ರಾಳ ಫಾರ್ಮು, ಅದರ ಮೇಲೆ ಗಾಳಿಗೆ ಹಾರದಂತೆ ಅಡಕೊತ್ತು. ನನ್ನನ್ನು ನೋಡಿ ಪಕ್ಕದ ಜಾಗ ತಟ್ಟಿದ. ಊಟ ಆಯಿತೇ ಎಂದು ಕೇಳಲಿಲ್ಲ, ಪರೀಕ್ಷೆ ಹೇಗಾಯಿತು ಎಂದು ಕೇಳಲಿಲ್ಲ.

“ಆ ಬುಕ್ಕ ಸಿಕ್ತೇನವಾ?”

“ಸಿಕ್ತು ಅಜ್ಜಾ.”

“ಏನ ಐತಿ ಅದರಾಗ?”

“ಏನೂ ಇಲ್ಲ. ಸಾಬ್ರು ಹೇಳಿದ್ದ ಖರೆ.”

ನನ್ನ ಯಾವ ಮಾತನ್ನೂ ಅವನು ಪ್ರತಿಮಾತಿಲ್ಲದೆ ಬಿಟ್ಟವನಲ್ಲ. ಈ ಮಾತಿಗೆ ಬರೀ ತಲೆಯಾಡಿಸಿದ. ನೀ ಹೇಳಿದರೆ ಒಪ್ಪುತ್ತೇನೆ ಎಂದು ಬಸ್ಸಿನ ಸರಳು ಹಿಡಿದು ಅಂದಿದ್ದ, ಒಪ್ಪಿದ. ಅಡಕೊತ್ತು ಸರಿಸಿ, ಫಾರ್ಮನ್ನು ತೊಡೆಯ ಮೇಲೆ ಎಳೆದುಕೊಂಡು, ಎಲ್ಲಿ ಸಹಿ ಮಾಡಬೇಕು ತೋರಿಸು ಎಂದ. ನಾನು ಕಾಗದವಿದ್ದ ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ತೋರಿಸಿದೆ.